ಮಳೆಗಾಲ ದಾಟುವ ಐರಿಸ್ ಬೇಕಾ? ಹೂವಿಗಿಂತ ಮೊದಲು ಗಡ್ಡೆ ನೋಡಿ

ಪ್ರಶ್ನೆ: ಸರ್, ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ಎರಡು ವರ್ಷದ ಹಿಂದೆ ಶಿಮ್ಲಾದಲ್ಲಿರುವ ತಂಗಿ ಮನೆಯಿಂದ 11 ಐರಿಸ್ ಗಡ್ಡೆ ತಂದು ನೆಟ್ಟೆ. ಮೊದಲ ಮಳೆಗಾಲದಲ್ಲೇ ಆರು ಕೊಳೆತು ಹೋದವು, ಈ ವರ್ಷ ಮತ್ತೆ ಮೂರು. ಉಳಿದ ಎರಡು ಬರೀ ಎಲೆ ಬಿಡುತ್ತಿವೆ, ಹೂವಿಲ್ಲ. ನನ್ನ ಹತ್ತಿರ ವಾಕಿಂಗ್ ಐರಿಸ್ ಇದೆ, ಅದಕ್ಕೆ ಮಳೆಯಲ್ಲಿ ಏನೂ ಆಗಲ್ಲ. ಎರಡನ್ನೂ ಕ್ರಾಸ್ ಮಾಡಿದರೆ ಕೊಳೆಯದ ಐರಿಸ್ ಬರುತ್ತದಾ? ಪಕ್ಕದ ಮನೆಯವರ ಹತ್ತಿರ ಕಿತ್ತಳೆ ಬಣ್ಣದ ಚುಕ್ಕೆ ಹೂವಿನ ಗಿಡ ಇದೆ, ಅದೂ ಐರಿಸ್ ಅಂತಾರೆ, ನಿಜಾನಾ? ಮನೆಯಲ್ಲೇ ಹೊಸ ತಳಿ ಮಾಡಲು ಎಷ್ಟು ವರ್ಷ ಬೇಕು? ಆದರೆ ಅದಕ್ಕೆ ಮೊಮ್ಮಗಳ ಹೆಸರಿಡಬಹುದಾ?

ಉತ್ತರ: ಸುಲಭದ್ದು ಮೊದಲು ಮುಗಿಸಿಬಿಡೋಣ ಮೇಡಂ. ವಾಕಿಂಗ್ ಐರಿಸ್ ಜೊತೆ ಕ್ರಾಸ್ ಆಗಲ್ಲ. ಅದು ಹೆಸರಿಗೆ ಮಾತ್ರ ಐರಿಸ್. ಅದರ ನಿಜವಾದ ಹೆಸರು ನಿಯೋಮಾರಿಕಾ, ಬ್ರೆಜಿಲ್ ಕಡೆಯ ಗಿಡ. ಐರಿಸ್ ಕುಟುಂಬಕ್ಕೆ ಸೇರಿದ್ದು ಹೌದು, ಆದರೆ ಗ್ಲಾಡಿಯೋಲಸ್ಸೂ ಅದೇ ಕುಟುಂಬ, ಅಡುಗೆಮನೆಯ ಕೇಸರಿಯೂ ಅದೇ ಕುಟುಂಬ. ಒಂದೇ ಮನೆತನ ಅಂದ ಮಾತ್ರಕ್ಕೆ ಸಂಬಂಧ ಕೂಡಿಬರಬೇಕು ಅಂತೇನಿಲ್ಲವಲ್ಲ. ಅಪಾರ್ಟ್‌ಮೆಂಟುಗಳ ಗೇಟಿನ ಪಕ್ಕ ಸಾಲಾಗಿ ನೆಡುತ್ತಾರಲ್ಲ ಬಿಳಿ ಹೂವಿನ ಆಫ್ರಿಕನ್ ಐರಿಸ್, ಅದೂ ಹೀಗೇ, ಅದು ಡಯಟೀಸ್. ಪರಾಗ ಹಚ್ಚಿ ಕಾಯುತ್ತಾ ಕೂತರೆ ಒಂದು ಸೀಸನ್ ಸುಮ್ನೆ ಹೋಗುತ್ತದೆ.

ಪಕ್ಕದ ಮನೆಯ ಚುಕ್ಕೆ ಹೂ ಮಾತ್ರ ನಿಜವಾದ ಐರಿಸ್. ಹಳೇ ಪುಸ್ತಕಗಳಲ್ಲಿ ಅದಕ್ಕೆ ಬೆಲಮ್‌ಕಂಡ ಅನ್ನುವ ಬೇರೆ ಹೆಸರಿತ್ತು. 2005ರಲ್ಲಿ ಸಸ್ಯಶಾಸ್ತ್ರಜ್ಞರು ಐರಿಸ್ ಡೊಮೆಸ್ಟಿಕಾ ಅಂತ ಹೆಸರು ಬದಲಿಸಿ ಐರಿಸ್ ಜೊತೆಗೇ ಸೇರಿಸಿದರು. ನಿಮ್ಮ ಕೆಲಸಕ್ಕೆ ಶಿಮ್ಲಾ ಗಡ್ಡೆಗಿಂತ ಈ ಗಿಡವೇ ಹತ್ತಿರದ ದಾರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶಿಮ್ಲಾದಿಂದ ಬಂದವು ಗಡ್ಡದ ಐರಿಸ್. ಕೆಳಗೆ ಬಾಗಿದ ಮೂರು ದಳಗಳ ಮೇಲೆ ಗಡ್ಡದ ಹಾಗೆ ಕೂದಲಿನ ಸಾಲು ಇರುತ್ತದಲ್ಲ, ಅದಕ್ಕೆ ಆ ಹೆಸರು. ಗಡ್ಡದ ಐರಿಸ್ಸಿನ ಗಡ್ಡೆ ಅನ್ನುವಾಗ ನಾಲಿಗೆ ತೊಡರುತ್ತದೆ, ಏನು ಮಾಡೋದು. ಈ ಗುಂಪಿನ ತವರು ದಕ್ಷಿಣ ಯುರೋಪು ಮತ್ತು ಟರ್ಕಿ ಕಡೆ. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಗಡ್ಡೆ ಅರ್ಧ ಮಣ್ಣಿನ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳಬೇಕು. ಬೆಂಗಳೂರು ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಮಳೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಜಾಸ್ತಿ, ಅದೂ ಬೆಚ್ಚಗಿನ ಹವೆಯಲ್ಲಿ. ಇನ್ನು ಹೂವಿನ ವಿಷಯ. ಮೊಗ್ಗು ಕಟ್ಟಲು ಈ ಗಿಡಕ್ಕೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ನಮ್ಮ ಊರಿನ ದಾಖಲೆ ಚಳಿ ಅಂದರೆ 1884ರ ಜನವರಿಯಲ್ಲಿ ಒಂದು ದಿನ ಬಿದ್ದ 7.8 ಡಿಗ್ರಿ. ಶಿಮ್ಲಾ ಗಿಡಕ್ಕೆ ಅದು ಸ್ವೆಟರ್ ತೆಗೆಯುವ ಹವೆ. ಹಾಗಾಗಿ ಉಳಿದ ಎರಡು ಗಡ್ಡೆ ಹೂ ಬಿಡದೇ ಇರುವುದು ರೋಗವೂ ಅಲ್ಲ, ನಿಮ್ಮ ಆರೈಕೆಯ ತಪ್ಪೂ ಅಲ್ಲ.

ಕೊಳೆತವು ಯಾವ ಕೊಳೆಯಿಂದ ಹೋದವು ಅಂತ ನೋಡಿದಿರಾ? ತಳಿ ಮಾಡುವವರಿಗೆ ಇದು ಮುಖ್ಯ, ಯಾಕೆಂದರೆ ಕೊಳೆ ಅಂದರೆ ಒಂದೇ ಕಾಯಿಲೆ ಅಲ್ಲ. ಮಧ್ಯದ ಎಲೆ ಹಿಡಿದು ಮೆಲ್ಲಗೆ ಎಳೆದಾಗ ಇಡೀ ಎಲೆಗುಚ್ಛ ಕೈಗೆ ಬಂದು, ಬುಡ ಅಂಬಲಿಯ ಹಾಗಿದ್ದು, ಮೂಗು ಮುಚ್ಚಿಕೊಳ್ಳುವಷ್ಟು ನಾತ ಬಂದರೆ ಅದು ಬ್ಯಾಕ್ಟೀರಿಯಾದ ಮೆದುಕೊಳೆ. ಮೂಟೆಯಲ್ಲಿ ಆಲೂಗಡ್ಡೆ ಕೊಳೆತರೆ ಬರುತ್ತದಲ್ಲ ಅದೇ ನಾತ, ಏಕೆಂದರೆ ಬ್ಯಾಕ್ಟೀರಿಯಾ ಕೂಡ ಅದೇ, ಪೆಕ್ಟೋಬ್ಯಾಕ್ಟೀರಿಯಂ. ಅದು ಗಾಯದಿಂದ ಒಳಗೆ ಹೋಗುತ್ತದೆ. ಗುದ್ದಲಿ ತಾಗಿದ ಜಾಗ, ಹುಳ ಕಚ್ಚಿದ ಜಾಗ, ಎಲೆ ಕಿತ್ತ ಜಾಗ. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ಮಧ್ಯೆ ಸಾಸಿವೆ ಕಾಳಿನ ಹಾಗೆ ಕಂದು ಉಂಡೆಗಳಿದ್ದು ನಾತ ಅಷ್ಟಾಗಿ ಇಲ್ಲದಿದ್ದರೆ ಅದು ಸ್ಕ್ಲೆರೋಶಿಯಂ ಶಿಲೀಂಧ್ರದ ಬುಡಕೊಳೆ. ಕಡಲೆಕಾಯಿ ಬೆಳೆಯುವವರನ್ನು ಕೇಳಿ, ಅವರಿಗೆ ಇದರ ಪರಿಚಯ ಚೆನ್ನಾಗಿದೆ. ಮೊದಲನೆಯದಕ್ಕೆ ಶಿಲೀಂಧ್ರನಾಶಕ ಸುರಿದರೆ ದುಡ್ಡು ದಂಡ. ಕೊಳೆತ ಭಾಗವನ್ನು ಚಮಚದಲ್ಲಿ ಕೆರೆದು ತೆಗೆದು ಗಡ್ಡೆಯನ್ನು ಬಿಸಿಲಿಗೆ ಒಣಗಿಸೋದೇ ಮದ್ದು. ಎರಡನೆಯದು ಬಂದಿದ್ದರೆ ಗಿಡದ ಜೊತೆ ಸುತ್ತಲಿನ ಮೇಲುಮಣ್ಣನ್ನೂ ತೆಗೆದು ಎಸೆಯಬೇಕು, ಆ ಸಾಸಿವೆ ಉಂಡೆಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ.

ಈಗ ತಳಿಯ ಮಾತು. ಗಡ್ಡದ ಐರಿಸ್ಸಿನ ತಳಿ ಮಾಡೋದು ಚಳಿ ದೇಶದಲ್ಲೂ ತಾಳ್ಮೆಯ ಕೆಲಸ, ಅದಕ್ಕೊಂದು ಲೆಕ್ಕ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ತೋಟಗಳಲ್ಲಿ ಇದ್ದವು ಹೆಚ್ಚಾಗಿ 24 ಕ್ರೋಮೋಸೋಮಿನ ಗಿಡಗಳು. ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಜೀನುಗಳನ್ನು ಹೊತ್ತಿರುವ ಎಳೆ. ಹೂ ಚಿಕ್ಕದು, ಗಿಡ ಗಟ್ಟಿ. ಆಮೇಲೆ ಕೇಂಬ್ರಿಡ್ಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರೊಫೆಸರ್ ಆಗಿದ್ದ ಸರ್ ಮೈಕೆಲ್ ಫಾಸ್ಟರ್ ಟರ್ಕಿ ಕಡೆಯಿಂದ ದೊಡ್ಡ ಹೂವಿನ ಗಿಡಗಳನ್ನು ತರಿಸಿಕೊಂಡು ಬೆಳೆಸಿದರು. ಅವುಗಳಲ್ಲಿ 48 ಕ್ರೋಮೋಸೋಮು ಇದ್ದ ಸಂಗತಿ ಆಗ ಯಾರಿಗೂ ಗೊತ್ತಿರಲಿಲ್ಲ. ಇವತ್ತಿನ ಎತ್ತರದ ಗಡ್ಡದ ಐರಿಸ್‌ಗಳು ಬಹುತೇಕ ಅವುಗಳ ಸಂತಾನ. ಹೂ ಅಂಗೈಯಗಲ ಆಯಿತು, ಆದರೆ ಟರ್ಕಿಯ ರಕ್ತ ಬಂದ ಮೇಲೆ ಚಳಿ ದೇಶಗಳಲ್ಲಿ ಎಷ್ಟೋ ಗಿಡ ಸೊರಗಿದವು, ಕೊಳೆತವು. ಹೂವಿನ ಹಿಂದೆ ಬಿದ್ದಾಗ ಗಿಡ ಕೈಬಿಡುವ ಕಥೆ ಅಷ್ಟು ಹಳೆಯದು.

ಕ್ರೋಮೋಸೋಮ್ ದುಪ್ಪಟ್ಟಾದರೆ ನಮಗೇನು ಕಷ್ಟ ಅಂತೀರಾ? ಒಂದು ಒಳ್ಳೆ ಗುಣ ಅಡಗಿರುವ ಗುಣ ಅಂದುಕೊಳ್ಳಿ, ಅಂದರೆ ಎಲ್ಲ ಪ್ರತಿಗಳೂ ಒಂದೇ ಥರ ಇದ್ದರೆ ಮಾತ್ರ ಕಾಣಿಸುವಂಥದ್ದು. ಮಾಮೂಲಿ ಗಿಡದಲ್ಲಿ ಪ್ರತಿ ಜೀನಿಗೆ ಎರಡು ಪ್ರತಿ. ಒಂದು ಒಳ್ಳೆಯದು ಒಂದು ಸಾಧಾರಣದ್ದು ಇರುವ ಎರಡು ಗಿಡ ಕ್ರಾಸ್ ಮಾಡಿದರೆ ನಾಲ್ಕು ಸಸಿಗೆ ಒಂದರಲ್ಲಿ ಆ ಗುಣ ಕಾಣುತ್ತದೆ. ನಾಲ್ಕು ಪ್ರತಿ ಇರುವ ಗಿಡದಲ್ಲಿ, ಎರಡು ಅದು ಎರಡು ಇದು ಇದ್ದರೂ, 36 ಸಸಿಗೆ ಒಂದು. ರೋಗ ತಡೆಯುವ ಶಕ್ತಿ ಹೆಚ್ಚಾಗಿ ಒಂದೇ ಜೀನಿನಿಂದ ಬರೋದೂ ಅಲ್ಲ, ಹಲವು ಸೇರಿ ಬರುತ್ತದೆ. ವಿಜಯನಗರದ ತಾರಸಿಯಲ್ಲಿ ಎಷ್ಟು ಸಸಿ ಇಡಬಹುದು ನೀವೇ ಲೆಕ್ಕ ಹಾಕಿ.

ಅದಕ್ಕೇ ನಾನು ಹೇಳೋದು, ಬೆಂಗಳೂರಿನಲ್ಲಿ ಐರಿಸ್ ತಳಿ ಮಾಡುವವರು ಎರಡು ಗುಂಪು ಹಿಡಿಯಬೇಕು. ಒಂದು ನಿಮ್ಮ ಪಕ್ಕದ ಮನೆಯ ಚುಕ್ಕೆ ಹೂ. ಇನ್ನೊಂದು ಲೂಯಿಸಿಯಾನ ಐರಿಸ್.

ಲೂಯಿಸಿಯಾನ ಐರಿಸ್ ಅಂದರೆ ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆಯ ಜೌಗು ನೆಲದ ಗಿಡ. ಒಟ್ಟು ಐದು ಕಾಡು ಜಾತಿ. ಅವು ಒಂದರ ಜೊತೆ ಒಂದು ಸಲೀಸಾಗಿ ಬೆರೆಯುತ್ತವೆ, ಕಾಡಿನಲ್ಲೇ ಬೆರೆತಿವೆ. 1920ರ ದಶಕದಲ್ಲಿ ಜಾನ್ ಸ್ಮಾಲ್ ಎಂಬ ಸಸ್ಯಶಾಸ್ತ್ರಜ್ಞರು ನ್ಯೂ ಆರ್ಲಿಯನ್ಸ್ ಹತ್ತಿರದ ಜೌಗಿನಲ್ಲಿ ಬಣ್ಣಬಣ್ಣದ ಐರಿಸ್ ನೋಡಿ ಇವೆಲ್ಲ ಬೇರೆ ಬೇರೆ ಜಾತಿ ಅಂದುಕೊಂಡು ಹತ್ತಾರು ಹೆಸರು ಕೊಟ್ಟರು. ಆಮೇಲೆ ನೋಡಿದರೆ ಬಹುಪಾಲು ಅಡ್ಡಹುಟ್ಟು! ಇವಕ್ಕೆ ಗಡ್ಡ ಇಲ್ಲ. ಬಿಸಿಲು, ಸೆಖೆ, ನಿಂತ ನೀರು, ಹುಳಿ ಮಣ್ಣು, ಎಲ್ಲ ಒಗ್ಗುತ್ತದೆ. ಹೆಚ್ಚಿನವುಗಳಲ್ಲಿ ಕ್ರೋಮೋಸೋಮು ಎರಡೇ ಪ್ರತಿ, ಹಾಗಾಗಿ ಮೇಲಿನ ಲೆಕ್ಕದಲ್ಲಿ ನಾಲ್ಕಕ್ಕೊಂದರ ಕಡೆಗೆ ಸೇರುತ್ತವೆ. ಗಡ್ಡದ ಐರಿಸ್ ಜೊತೆ ಇವನ್ನು ಕ್ರಾಸ್ ಮಾಡುವ ಆಸೆ ಬಿಡಿ, ಅಷ್ಟು ದೂರದ ನಂಟು ಮನೆಯಲ್ಲಿ ಕೂಡಿಬರಲ್ಲ.

ಕೊಳದ ಗಿಡ ಮಾರುವವರು, ಗಿಡ ಬದಲಾಯಿಸಿಕೊಳ್ಳುವ ಗೆಳೆಯರ ಬಳಗಗಳು, ಇಂಥ ಕಡೆ ವಿಚಾರಿಸಿ. ಒಂದು ಎಚ್ಚರ. ವಾಟರ್ ಐರಿಸ್ ಅನ್ನುವ ಹೆಸರಲ್ಲಿ ಹಳದಿ ಹೂವಿನ ಐರಿಸ್ ಸ್ಯೂಡಾಕೋರಸ್ ಕೂಡ ಸಿಗುತ್ತದೆ. ಅದು ಹೊರದೇಶಗಳಲ್ಲಿ ನದಿದಡ ಪೂರ್ತಿ ಆಕ್ರಮಿಸಿದ ಗಿಡ. ಕುಂಡದಲ್ಲಿ ಇಟ್ಟರೆ ಸರಿ, ಮಿಕ್ಕಿದ್ದನ್ನು ಕೆರೆಗೆ ಎಸೆಯಬೇಡಿ. ನಮ್ಮ ಕೆರೆಗಳಿಗೆ ಅಂತರಗಂಗೆ ಒಂದೇ ಸಾಕಾಗಿದೆ.

ಇಲ್ಲಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಕೆಲಸದಲ್ಲಿದ್ದಾಗ ನಾನು ಗ್ಲಾಡಿಯೋಲಸ್ ತಳಿ ಮಾಡಿದವನು, ಐರಿಸ್ ನನ್ನ ಹಿತ್ತಿಲ ಹುಚ್ಚು. ಮೊದಲ ಸಲ ಲೂಯಿಸಿಯಾನ ಸಸಿ ಎಬ್ಬಿಸಿದಾಗ ಅವನ್ನು ಮಕ್ಕಳ ಹಾಗೆ ಸಾಕಿದೆ. ಜೋರು ಮಳೆ ಬಂದರೆ ಮೇಲೆ ಪ್ಲಾಸ್ಟಿಕ್ ಶೀಟು, ಹದಿನೈದು ದಿನಕ್ಕೊಮ್ಮೆ ಔಷಧಿ, ಬುಡಕ್ಕೆ ಬೇವಿನ ಹಿಂಡಿ. ಮೂರನೇ ವರ್ಷ ಹೂ ಬಂತು. ಒಂದರ ಬಣ್ಣ ಹಣ್ಣಾದ ನೇರಳೆಯ ಹಾಗೆ, ಮಧ್ಯೆ ಅರಿಸಿನದ ಗೆರೆ, ನೋಡಿದವರೆಲ್ಲ ಗಡ್ಡೆ ಕೇಳಿದರು. ಐದು ಮನೆಗೆ ಹಂಚಿದೆ. ಮುಂದಿನ ದೀಪಾವಳಿಗೆ ನಾಲ್ಕು ಮನೆಯಲ್ಲಿ ಗಿಡ ಇಲ್ಲ. ಬುಡದಲ್ಲಿ ಅದೇ ಬಿಳಿ ನೂಲು, ಸಾಸಿವೆ ಕಾಳು. ಮೂರು ವರ್ಷ ಆ ಗಿಡ ನನ್ನ ಪಂಪಿನ ಬಲದಲ್ಲಿ ಬದುಕಿತ್ತು. ಯಾವುದು ಗಟ್ಟಿ ಯಾವುದು ಪೊಳ್ಳು ಅಂತ ತಿಳಿಯುವ ಅವಕಾಶವನ್ನು ನಾನೇ ಹದಿನೈದು ದಿನಕ್ಕೊಮ್ಮೆ ತೊಳೆದು ಹಾಕಿದ್ದೆ. ಇಡೀ ಜನ್ಮ ಇದೇ ಕೆಲಸ ಮಾಡಿದವನು, ಮನೆಯಲ್ಲಿ ಮಾಡುವಾಗ ಮರೆತೆ ನೋಡಿ.

ಹೊಲದ ಬೆಳೆಯವರು ಈ ತಪ್ಪು ಮಾಡಲ್ಲ. ಅವರ ಹತ್ತಿರ ಸಿಕ್ ಪ್ಲಾಟ್ ಅಂತ ಇರುತ್ತದೆ, ಅಂದರೆ ಬೇಕು ಅಂತಲೇ ರೋಗ ತುಂಬಿಸಿಟ್ಟ ತಾಕು. ತೊಗರಿಗೆ ಸೊರಗು ರೋಗ ಬರುತ್ತದಲ್ಲ, ಆ ರೋಗದ ಮಣ್ಣಿನಲ್ಲೇ ಸಾಲು ಸಾಲು ತಳಿ ಬಿತ್ತುತ್ತಾರೆ, ಒಣಗಿದ್ದು ಒಣಗಲಿ, ನಿಂತದ್ದನ್ನು ಮುಂದಕ್ಕೆ ತೆಗೆದುಕೊಳ್ಳುತ್ತಾರೆ. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಮಾರುತಿ ತೊಗರಿ ಸೊರಗು ರೋಗ ತಡೆಯುವ ತಳಿ, ಕಲಬುರಗಿ ಕಡೆಯ ರೈತರನ್ನು ಕೇಳಿದರೆ ಅದರ ಹೆಸರು ಹೇಳುತ್ತಾರೆ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಸುಗಂಧರಾಜದಲ್ಲಿ ಒಂಟಿ ಸುತ್ತಿನದ್ದನ್ನೂ ಡಬಲ್ಲನ್ನೂ ಕ್ರಾಸ್ ಮಾಡಿ ತಂದ ಶೃಂಗಾರ್ ತಳಿ, ಬೇರಿಗೆ ಗಂಟು ಕಟ್ಟುವ ಜಂತುಹುಳವನ್ನು ತಾಳಿಕೊಳ್ಳುತ್ತದೆ. ಹೂವಿನ ಬೆಳೆಯಲ್ಲೂ ಬೇರು ನೋಡಿ ಆರಿಸಬಹುದು ಅನ್ನುವುದಕ್ಕೆ ಹೇಳಿದೆ.

ನಿಮ್ಮ ಸಿಕ್ ಪ್ಲಾಟ್ ಈಗಾಗಲೇ ತಯಾರಿದೆ. ಒಂಬತ್ತು ಗಡ್ಡೆ ಕೊಳೆತ ಆ ಪಾತಿ ಇದೆಯಲ್ಲ, ಅದೇ! ಕೊಳೆತದ್ದು ಬುಡಕೊಳೆಯಾಗಿದ್ದರೆ ಮೇಲುಮಣ್ಣು ತೆಗೀರಿ ಅಂದೆ, ಆದರೆ ಅದು ಹೂತೋಟ ಇಟ್ಟುಕೊಳ್ಳುವವರಿಗೆ. ತಳಿ ಮಾಡುವವರು ಆ ಮಣ್ಣನ್ನು ಎಸೆಯಲ್ಲ. ಬೇರೆ ಗಿಡಗಳಿಂದ ದೂರ ಇಟ್ಟು, ಸುತ್ತ ಇಟ್ಟಿಗೆ ಕಟ್ಟಿ, ಅಲ್ಲಿಗೆ ಬಳಸಿದ ಗುದ್ದಲಿಯನ್ನು ಬೇರೆ ಕಡೆ ಬಳಸದೆ, ಒಂದು ವರ್ಷದ ಸಸಿಗಳನ್ನು ಅದರೊಳಗೇ ನೆಡಿ. ಮೊದಲ ಒಂದು ವರ್ಷ ಮಾತ್ರ ಸಸಿಗಳಿಗೆ ರಕ್ಷಣೆ, ಆಮೇಲೆ ಬೆಂಗಳೂರಿನ ಮಳೆಗೆ ಬಿಟ್ಟುಬಿಡಿ.

ಕ್ರಾಸ್ ಮಾಡೋದು ಹೇಗೆ ಅಂತ ಹೇಳುತ್ತೇನೆ, ಕೈ ನಡುಗದಿದ್ದರೆ ಎರಡು ನಿಮಿಷದ ಕೆಲಸ. ಐರಿಸ್ ಹೂವನ್ನು ಹತ್ತಿರದಿಂದ ನೋಡಿ. ಕೆಳಗೆ ಬಾಗಿದ ಮೂರು ದಳ, ಮೇಲೆ ಅಥವಾ ಪಕ್ಕಕ್ಕೆ ನಿಂತ ಮೂರು ದಳ. ಇವುಗಳ ಮಧ್ಯೆ ಇನ್ನೂ ಮೂರು ಸಣ್ಣ ದಳದಂಥದ್ದು ಕಾಣುತ್ತದೆ, ಅದು ದಳ ಅಲ್ಲ, ಹೆಣ್ಣಿನ ಭಾಗವೇ ಹಾಗೆ ಅಗಲವಾಗಿರುವುದು. ಅದು ಬಾಗಿಲ ಮೇಲಿನ ಸಜ್ಜೆಯ ಹಾಗೆ ಬಾಗಿರುತ್ತದೆ. ಸಜ್ಜೆಯ ಅಡಿಯಲ್ಲಿ ಒಂದು ಕೇಸರ, ಅಂದರೆ ಗಂಡು. ಸಜ್ಜೆಯ ತುದಿಯ ಹತ್ತಿರ ಕೆಳಮೈಯಲ್ಲಿ ಉಗುರಿನಷ್ಟು ಅಗಲದ ತೆಳು ತುಟಿ ಇದೆ. ಪರಾಗ ಬೀಳಬೇಕಾದ್ದು ಅಲ್ಲಿ ಮಾತ್ರ. ಜೇನುಹುಳ ಒಳಗೆ ನುಗ್ಗುವಾಗ ಬೆನ್ನಿನ ಪರಾಗ ಆ ತುಟಿಗೆ ಒರೆಸುತ್ತದೆ, ಹೊರಗೆ ಬರುವಾಗ ತುಟಿ ಮಡಚಿಕೊಳ್ಳುತ್ತದೆ, ಹೀಗಾಗಿ ಅದೇ ಹೂವಿನ ಪರಾಗ ಅಲ್ಲಿಗೆ ತಾಗೋದು ಕಡಿಮೆ. ಎಂಥ ಏರ್ಪಾಡು ನೋಡಿ.

ನಾಳೆ ಅರಳುವ ಮೊಗ್ಗನ್ನು ಬೆಳಿಗ್ಗೆ ಬೇಗ, ಜೇನು ಏಳುವ ಮೊದಲು, ಕೈಯಲ್ಲೇ ಮೆಲ್ಲಗೆ ಬಿಡಿಸಿ. ಅದರ ಮೂರೂ ಕೇಸರ ಕಿತ್ತುಬಿಡಿ. ಕೆಳಗಿನ ಮೂರು ದಳಗಳನ್ನೂ ಕಿತ್ತರೆ ಒಳ್ಳೆಯದು, ಕಾಲಿಡಲು ಜಾಗ ಇಲ್ಲ ಅಂದರೆ ಜೇನು ಬರಲ್ಲ. ತಂದೆ ಗಿಡದಿಂದ ಪರಾಗ ಉದುರುತ್ತಿರುವ ಕೇಸರವನ್ನು ಹುಬ್ಬು ತೀಡುವ ಚಿಮಟದಲ್ಲಿ ಹಿಡಿದು ತುಟಿಯ ಮೇಲೆ ಸವರಿ, ಹುಡಿ ಅಂಟಿದ್ದು ಕಣ್ಣಿಗೆ ಕಾಣಬೇಕು. ಮೂರು ತುಟಿಗೂ ಸವರಿ. ಆಮೇಲೆ ಚೀಟಿ ಕಟ್ಟಿ, ಮೊದಲು ತಾಯಿ ಹೆಸರು, ನಡುವೆ ಗುಣಿಸು ಗುರುತು, ಆಮೇಲೆ ತಂದೆ ಹೆಸರು, ತಾರೀಕು. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನಲ್ಲಿ ಬರೆದು ಮಳೆಗೆ ಅಳಿಸಿಹೋದ ಚೀಟಿಗಳು ನನ್ನ ಹತ್ತಿರ ಒಂದು ಡಬ್ಬ ಇವೆ, ಅಪ್ಪ ಅಮ್ಮ ಗೊತ್ತಿಲ್ಲದ ಮಕ್ಕಳು. ತಂದೆ ಹೂ ಮೊದಲೇ ಬಂದುಬಿಟ್ಟರೆ ಕೇಸರವನ್ನು ಒಣಗಿಸಿ ಕಾಗದದಲ್ಲಿ ಮಡಚಿ, ಸಣ್ಣ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಕೆಲವು ವಾರ ಕೆಡಲ್ಲ. ಮನೆಯವರಿಗೆ ಮಾತ್ರ ಹೇಳಿಡಿ.

ಲೂಯಿಸಿಯಾನ ಕಾಯಿ ಬಲಿಯಲು ಸುಮಾರು ಮೂರು ತಿಂಗಳು ಬೇಕು. ಹಸಿರು ಮಾಸಿ ಕಾಯಿ ಮೆತ್ತಗಾದಾಗ ಕೀಳಿ. ಬೀಜ ದಪ್ಪ, ಮೇಲೆ ಬೆಂಡಿನಂಥ ಸಿಪ್ಪೆ. ಜೌಗಿನಲ್ಲಿ ತೇಲಿಕೊಂಡು ಹೋಗಲಿ ಅಂತ ಪ್ರಕೃತಿ ಕೊಟ್ಟ ಲೈಫ್ ಜಾಕೆಟ್ ಅದು. ಒಣಗಿಸಿ ಎತ್ತಿಡಬೇಡಿ, ತಾಜಾ ಇರುವಾಗಲೇ ಬಿತ್ತಿ, ಸಾಧ್ಯವಾದರೆ ಆ ಬೆಂಡು ಸುಲಿದು ಬಿತ್ತಿ. ಮೊಳಕೆ ಒಟ್ಟಿಗೆ ಬರಲ್ಲ, ಒಂದು ಇವತ್ತು ಒಂದು ಎರಡು ತಿಂಗಳಿಗೆ. ಬಂದಿಲ್ಲ ಅಂತ ಕುಂಡ ಬಗ್ಗಿಸಬೇಡಿ. ಹೂ ಎರಡು ಮೂರನೇ ವರ್ಷಕ್ಕೆ.

ಚುಕ್ಕೆ ಹೂವಿನಲ್ಲಿ ಕೆಲಸ ಇನ್ನೂ ಸುಲಭ, ಮತ್ತು ಬೇಗ. ಅದರಲ್ಲಿ ಸಜ್ಜೆ ಗಿಜ್ಜೆ ಇಲ್ಲ, ಆರು ದಳ ಬಿಚ್ಚಿಕೊಂಡು, ಮಧ್ಯೆ ಮೂರು ಕೇಸರ, ಒಂದು ಹೆಣ್ಣು ಕಡ್ಡಿ. ಆದರೆ ಹೂವಿನ ಆಯಸ್ಸು ಒಂದೇ ದಿನ, ಸಂಜೆಗೆ ಬಟ್ಟೆ ಹಿಂಡಿದ ಹಾಗೆ ಸುತ್ತಿಕೊಂಡು ಮುಚ್ಚುತ್ತದೆ. ಹಾಗಾಗಿ ಬೆಳಗಿನ ಕೆಲಸ ಬೆಳಿಗ್ಗೆಯೇ ಆಗಬೇಕು. ಬೀಜದಿಂದ ಎದ್ದ ಗಿಡ ಒಂದು ಎರಡು ವರ್ಷದಲ್ಲಿ ಹೂ ಬಿಡುತ್ತದೆ. ಬಣ್ಣ ಬೇಕು ಅಂದರೂ ದಾರಿ ಇದೆ. ಇದಕ್ಕೆ ಐರಿಸ್ ಡೈಕೋಟಮ ಅನ್ನುವ ಮಧ್ಯಾಹ್ನ ಅರಳುವ ನೇರಳೆ ಬಣ್ಣದ ಜಾತಿಯನ್ನು ಕ್ರಾಸ್ ಮಾಡಿ ಅಮೆರಿಕದ ಕೆಂಟಕಿಯಲ್ಲಿ ಸ್ಯಾಮ್ಯುಯೆಲ್ ನಾರಿಸ್ ಎಂಬವರು ಹಳದಿ, ಗುಲಾಬಿ, ನೇರಳೆ ಎಲ್ಲ ಬಣ್ಣ ತಂದರು. ಅವರ ಹೆಸರೇ ಅದಕ್ಕೆ ಬಂತು, ಐರಿಸ್ ನಾರಿಸಿ. ಬೀಜದ ಅಂಗಡಿಯವರು ಕ್ಯಾಂಡಿ ಲಿಲಿ ಅಂತ ಮಾರುತ್ತಾರೆ. ಒಂದು ಪೊಟ್ಟಣ ಸಿಕ್ಕರೆ ಪಕ್ಕದ ಮನೆಯ ಗಿಡವನ್ನು ತಾಯಿ ಮಾಡಿ ಇದನ್ನು ತಂದೆ ಮಾಡಿ. ತಾಯಿ ಆಗಲೇ ನಿಮ್ಮ ಬೀದಿಯ ಮಳೆ ಕುಡಿದು ಪಾಸಾದದ್ದು, ಅದೇ ಅದರ ಬೆಲೆ.

ಎಷ್ಟು ಕ್ರಾಸ್ ಮಾಡಬೇಕು? ಹತ್ತು ಕ್ರಾಸ್ ಮಾಡಿ ಒಂದೊಂದರಲ್ಲಿ ಐದು ಸಸಿ ಬೆಳೆಸಬೇಡಿ. ಎರಡು ಕ್ರಾಸ್ ಸಾಕು, ಒಂದೊಂದರಲ್ಲಿ ನಲವತ್ತು ಐವತ್ತು ಸಸಿ. ಮೊದಲ ತಲೆಮಾರಿನಲ್ಲಿ ಪವಾಡ ಕಾಣದಿದ್ದರೆ ಬೇಜಾರಾಗಬೇಡಿ. ಹಲವು ಜೀನು ಸೇರಿ ಬರುವ ಗುಣ ಅಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮನ ಮಧ್ಯದಲ್ಲೆಲ್ಲೋ ನಿಲ್ಲುತ್ತದೆ. ಅದರಲ್ಲಿ ಗಟ್ಟಿಯಾದ ಎರಡನ್ನು ಮತ್ತೆ ಕೂಡಿಸಿದಾಗ ಎರಡನೇ ತಲೆಮಾರಿನಲ್ಲಿ ಅತಿ ಗಟ್ಟಿಯವೂ ಬರುತ್ತವೆ, ಅತಿ ಪೊಳ್ಳಿನವೂ ಬರುತ್ತವೆ. ನಮ್ಮ ಕೆಲಸ ಇರೋದು ಅಲ್ಲಿ. ಹಾಗಂತ ಒಂದೇ ಗಿಡವನ್ನು ಅದರ ಪರಾಗದಿಂದಲೇ ಮತ್ತೆ ಮತ್ತೆ ಕಾಯಿ ಕಟ್ಟಿಸುತ್ತಾ ಹೋದರೆ ಸಸಿಗಳು ಕುಳ್ಳಾಗುತ್ತವೆ, ಸೊರಗುತ್ತವೆ.

ಆರಿಸುವಾಗ ಏನು ನೋಡಬೇಕು ಅನ್ನುವುದಕ್ಕೆ ಬಾಳೆ ನೆನಪಿಟ್ಟುಕೊಳ್ಳಿ. ಒಮ್ಮೆ ಗೊನೆ ಹಾಕಿದ ಬಾಳೆ ಮತ್ತೆ ಹಾಕಲ್ಲ, ಪಕ್ಕದ ಕಂದು ಮುಂದುವರಿಯುತ್ತದೆ. ಐರಿಸ್ಸೂ ಹಾಗೇ. ಹೂ ಬಿಟ್ಟ ಎಲೆಗುಚ್ಛ ಮತ್ತೆ ಹೂ ಬಿಡಲ್ಲ, ಅಕ್ಕಪಕ್ಕ ಮರಿ ಒಡೆದರೆ ಮಾತ್ರ ಮುಂದಿನ ವರ್ಷ ಹೂವು. ಕೆಲವು ಸಸಿಗಳು ಇರುವ ಶಕ್ತಿಯನ್ನೆಲ್ಲ ಹೂವಿಗೆ ಸುರಿದು, ಒಂದು ಮರಿಯನ್ನೂ ಬಿಡದೆ ಸತ್ತುಹೋಗುತ್ತವೆ. ಎಂಥ ಚಂದದ ಹೂವಾದರೂ ಅಂಥದ್ದು ಬೇಡ. ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು ಇಷ್ಟೇ: ಒಂದು ಗಡ್ಡೆ ವರ್ಷದಲ್ಲಿ ಎಷ್ಟು ಮರಿ ಹಾಕಿತು, ಎಷ್ಟು ದಂಟು ಬಂತು, ಅಕ್ಟೋಬರ್ ಕೊನೆಗೆ ಎಲೆ ಎಷ್ಟು ಹಸಿರಿದೆ. ಅಕ್ಟೋಬರ್ ಕೊನೆ ಯಾಕೆಂದರೆ ಆಗ ಗಿಡ ಸುಳ್ಳು ಹೇಳಲ್ಲ. ಹೆಬ್ಬೆರಳಿನಿಂದ ಗಡ್ಡೆ ಒತ್ತಿ ನೋಡಿ, ಹಸಿ ಶುಂಠಿಯ ಹಾಗೆ ಗಟ್ಟಿ ಇರಬೇಕು, ಒಳಗೆ ಬೆರಳು ಹೋಗುವ ಹಾಗಿದ್ದರೆ ಆ ಸಾಲಿನ ಮುಂದೆ ಅಡ್ಡಗೆರೆ ಎಳೆದುಬಿಡಿ. ಹೂವಿನ ಬಣ್ಣದ ಕಾಲಂ ನಾನು ಈಗ ಕೊನೆಗಿಟ್ಟಿದ್ದೇನೆ. ಮುಂಚೆ ಮೊದಲು ಇತ್ತು.

ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಲೂಯಿಸಿಯಾನ ಗಿಡದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ರೋಗ ಅಲ್ಲ, ನಿಮ್ಮ ಬೋರ್‌ವೆಲ್ ನೀರಿನ ಸುಣ್ಣ. ಕಬ್ಬಿಣದ ಅಂಶ ಗಿಡಕ್ಕೆ ಸಿಗುತ್ತಿಲ್ಲ ಅಂತ ಅರ್ಥ. ಮಳೆನೀರು ಅಥವಾ ಕಾವೇರಿ ನೀರು ಹಾಕಿ ನೋಡದೆ ಅಂಥ ಸಸಿ ಎಸೆಯಬೇಡಿ. ಹಾಗೆಯೇ ಬೇಸಿಗೆಯಲ್ಲಿ ಇದರ ಗಡ್ಡೆಯ ಮೇಲೆ ಒಣ ಎಲೆ ಮುಚ್ಚಿಗೆ ಇರಲೇಬೇಕು, ಬಿಸಿಲಿಗೆ ಬೇಯುತ್ತದೆ. ಗಡ್ಡದ ಐರಿಸ್ಸಿಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಎಲೆಯಲ್ಲಿ ತಿಳಿ ಹಳದಿ ಪಟ್ಟೆಗಳು ಕಂಡರೆ ಮಾತ್ರ ವೈರಸ್ ಇರಬಹುದು, ಅದನ್ನು ಗಿಡಹೇನು ಹರಡುತ್ತದೆ, ಗಡ್ಡೆ ಕೊಯ್ಯುವ ಚಾಕುವಿನ ಮೇಲೂ ಅನುಮಾನ ಇಟ್ಟುಕೊಳ್ಳಿ. ಸಮಾಧಾನ ಏನೆಂದರೆ ಬೀಜದ ಮೂಲಕ ಅದು ಹೋಗೋದು ಕಡಿಮೆ. ತಾಯಿಗೆ ಇದ್ದರೂ ಸಸಿ ಹೆಚ್ಚಾಗಿ ಶುದ್ಧವಾಗಿಯೇ ಹುಟ್ಟುತ್ತದೆ.

ಇನ್ನು ತುಕ್ಕು ರೋಗ. ಎಲೆ ಮೇಲೆ ಇಟ್ಟಿಗೆ ಪುಡಿಯ ಬಣ್ಣದ ಗುಳ್ಳೆ, ಬೆರಳಿಗೆ ಒರೆಸಿದರೆ ಅಂಟುತ್ತದೆ. ಐರಿಸ್‌ಗಳಲ್ಲಿ ಒಂದು ತಳಿಗೆ ಮೈತುಂಬ ಬಂದು ಪಕ್ಕದ್ದಕ್ಕೆ ಏನೂ ಆಗದಿರುವಷ್ಟು ವ್ಯತ್ಯಾಸ ಈ ರೋಗದಲ್ಲಿದೆ, ಹಾಗಾಗಿ ಆರಿಸಲು ಸುಲಭ. ಸಸಿಗಳ ಪಾತಿಯ ಮಧ್ಯೆ ಬೇಕು ಅಂತಲೇ ತುಕ್ಕು ಬರುವ ಒಂದು ಗಿಡ ನೆಡಿ. ಅದು ರೋಗ ಹರಡಿಕೊಡುತ್ತದೆ, ಎಲ್ಲ ಸಸಿಗಳಿಗೂ ಒಂದೇ ಪರೀಕ್ಷೆ ಆಗುತ್ತದೆ. ಆದರೆ ತುಕ್ಕಿನಲ್ಲಿ ಗೆದ್ದೆ ಅಂತ ಬೀಗುವ ಹಾಗಿಲ್ಲ, ಕಾಫಿಯವರನ್ನು ಕೇಳಿ. 1911ರಲ್ಲಿ ಮೈಸೂರು ಸಂಸ್ಥಾನದ ಒಂದು ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕು ಬಾರದ ಒಂದು ಅರೇಬಿಕಾ ಗಿಡ ಗುರುತಿಸಿದರು. ಕೆಂಟ್ ಕಾಫಿ ಎಲ್ಲ ಕಡೆ ಹರಡಿತು. ಕೆಲವೇ ವರ್ಷದಲ್ಲಿ ಅದಕ್ಕೂ ತುಕ್ಕು ಬಂತು. ಬಾಳೆಹೊನ್ನೂರಿನ ಕಾಫಿ ಕೇಂದ್ರದಲ್ಲಿ 1930ರ ದಶಕದಲ್ಲಿ ಮೇನ್ ಎಂಬ ವಿಜ್ಞಾನಿ ತೋರಿಸಿದರು, ತುಕ್ಕಿನ ಶಿಲೀಂಧ್ರದಲ್ಲೇ ಬೇರೆ ಬೇರೆ ಪಂಗಡಗಳಿವೆ, ಗಿಡ ಒಂದನ್ನು ತಡೆದರೆ ಇನ್ನೊಂದು ನುಗ್ಗುತ್ತದೆ ಅಂತ. ಆದರೂ ಕೆಂಟ್ ವ್ಯರ್ಥ ಆಗಲಿಲ್ಲ. ಅದನ್ನು ಇನ್ನೊಂದು ಗಟ್ಟಿ ಗಿಡಕ್ಕೆ ಕ್ರಾಸ್ ಮಾಡಿ ಬಂದ ಎಸ್.795 ಇವತ್ತಿಗೂ ನಮ್ಮ ತೋಟಗಳಲ್ಲಿದೆ. ಅದಕ್ಕೂ ತುಕ್ಕು ಬರುತ್ತದೆ, ಆದರೂ ರೈತರು ಬಿಟ್ಟಿಲ್ಲ. ರೋಗ ಒಂದು ಚೂರೂ ಬಾರದ ಐರಿಸ್ ಹುಡುಕಬೇಡಿ. ಅಲ್ಪಸ್ವಲ್ಪ ಚುಕ್ಕೆ ಇದ್ದರೂ ಮರಿ ಹಾಕುತ್ತಾ ಹೂ ಬಿಡುತ್ತಾ ಹೋಗುವುದನ್ನು ಇಟ್ಟುಕೊಳ್ಳಿ.

ವರ್ಷದ ಲೆಕ್ಕ: ಚುಕ್ಕೆ ಹೂವಿನಲ್ಲಾದರೆ ಎರಡು ತಲೆಮಾರಿಗೆ ನಾಲ್ಕು ಐದು ವರ್ಷ. ಲೂಯಿಸಿಯಾನದಲ್ಲಿ ಏಳೆಂಟು. ಕೊನೆಗೆ ಉಳಿದ ಒಂದೆರಡನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಖುಷಿಪಡಬೇಡಿ, ಮೂರು ಮನೆಗೆ ಕೊಡಿ. ಒಬ್ಬರದು ಕೆಮ್ಮಣ್ಣಿನ ನೆಲ, ಒಬ್ಬರದು ತಾರಸಿ ಕುಂಡ, ಒಬ್ಬರದು ಬೋರ್‌ವೆಲ್ ನೀರು. ಎರಡು ಮಳೆಗಾಲ ಮೂರೂ ಕಡೆ ನಿಂತರೆ ಅದು ತಳಿ. ಗಿಡ ಸತ್ತರೆ ಸಂಕೋಚ ಪಡದೆ ಹೇಳಿ ಅಂತ ಕೊಡುವಾಗಲೇ ಹೇಳಿ, ಇಲ್ಲದಿದ್ದರೆ ನಮ್ಮ ಜನ ಮುಖ ನೋಡಿ ಚೆನ್ನಾಗಿದೆ ಅಂದುಬಿಡುತ್ತಾರೆ.

ಮೊಮ್ಮಗಳ ಹೆಸರು ಖಂಡಿತ ಇಡಬಹುದು. ಗಡ್ಡ ಇರಲಿ ಇಲ್ಲದಿರಲಿ, ಇಂಥ ಗಡ್ಡೆ ಐರಿಸ್‌ಗಳ ಹೆಸರನ್ನು ಇಡೀ ಜಗತ್ತಿಗೆ ನೋಂದಾಯಿಸಿಕೊಳ್ಳುವುದು 1920ರಲ್ಲಿ ಶುರುವಾದ ಅಮೆರಿಕನ್ ಐರಿಸ್ ಸೊಸೈಟಿ. ಆ ಹೆಸರು ಬೇರೆ ಐರಿಸ್‌ಗೆ ಮೊದಲೇ ಇಟ್ಟಿರಬಾರದು ಅಷ್ಟೇ. ಅಲ್ಲಿಯವರೆಗೆ ನಂಬರ್ ಕೊಡಿ. ಹೆಸರಿಟ್ಟ ಗಿಡವನ್ನು ಎಸೆಯಲು ಮನಸ್ಸು ಬರಲ್ಲ, ಅದರಲ್ಲೂ ಮೊಮ್ಮಗಳ ಹೆಸರು.

ಶಿಮ್ಲಾದ ಆ ಎರಡು ಗಡ್ಡೆಗಳನ್ನು ತಂಗಿ ಬಂದಾಗ ವಾಪಸ್ ಕಳಿಸಿ, ಅಲ್ಲಿ ಹೂ ಬಿಡಲಿ. ಆಯುಧಪೂಜೆ ಈಗಷ್ಟೇ ಮುಗಿದಿದೆ, ಚುಕ್ಕೆ ಹೂವಿನ ಕಾಯಿ ಒಡೆಯುವ ಸಮಯ. ಸಿಪ್ಪೆ ಹಿಂದಕ್ಕೆ ಸುರುಳಿಯಾಗಿ ಒಳಗೆ ಕರೀ ಮಣಿ ಪೋಣಿಸಿದ ಹಾಗೆ ಬೀಜ ಕಾಣುತ್ತಿರುತ್ತದೆ. ಪಕ್ಕದ ಮನೆಯವರು ಗುಡಿಸಿ ಹಾಕುವ ಮೊದಲು ಹೋಗಿ ಒಂದು ಹಿಡಿ ಕೇಳಿ ತನ್ನಿ, ರಾತ್ರಿ ನೆನೆಸಿ, ಬೆಳಿಗ್ಗೆ ಬಿತ್ತಿ.